ಮರಳಿನೊಳಗೆ ಬೆಳೆಯುವ ಕುಳ್ಳ ಓಕ್

ಪ್ರಶ್ನೆ: ನಾವು ಟೆಕ್ಸಾಸ್‌ನ ಮಿಡ್‌ಲ್ಯಾಂಡ್‌ನಲ್ಲಿ ನೆಲೆಸಿರುವ ಕನ್ನಡಿಗರು. ಸಮೀಪದ ಮೊನಹನ್ಸ್ ಮರಳುದಿಬ್ಬಗಳಲ್ಲಿ ಸೊಂಟದೆತ್ತರವೂ ಇಲ್ಲದ ಪೊದೆಗಳನ್ನು ತೋರಿಸಿ ಇವು ಓಕ್ ಎಂದರು. ಇದು ನಿಜವೇ? ಬರೀ ಮರಳಿನಲ್ಲಿ ಇವು ಹೇಗೆ ಬದುಕುತ್ತವೆ? ದನ ಸಾಕುವವರು ಇವನ್ನು ನಾಶಪಡಿಸುತ್ತಾರಂತೆ, ಅದು ಸರಿಯೇ?

ಉತ್ತರ: ನಿಜವೇ. ಅದು ಶಿನ್ನರಿ ಓಕ್, ವೈಜ್ಞಾನಿಕವಾಗಿ ಕ್ವೆರ್ಕಸ್ ಹಾವರ್ಡಿಐ. ಟೆಕ್ಸಾಸ್‌ನ ಪಶ್ಚಿಮ ಭಾಗ, ನ್ಯೂ ಮೆಕ್ಸಿಕೊದ ಪೂರ್ವ ಭಾಗ ಮತ್ತು ಒಕ್ಲಹೋಮಾದ ಪಶ್ಚಿಮದ ಮರಳುನೆಲಗಳು ಇದರ ನೆಲೆ. ಹಿಮಾಲಯದ ಎತ್ತರದ ಓಕ್‌ಗಳನ್ನು ಕಂಡವರಿಗೆ ಒಂದೆರಡು ಮೀಟರ್ ಮೀರದ ಈ ಗಿಡ ಅದೇ ಕುಲದ್ದೆಂದು ನಂಬುವುದು ಕಷ್ಟ. ಆದರೆ ನಿಮಗೆ ಕಂಡದ್ದು ಗಿಡದ ಅಲ್ಪ ಭಾಗ ಮಾತ್ರ. ಅದರ ದೇಹದ ಬಹುಪಾಲು ಶುಂಠಿಯ ಗೆಡ್ಡೆಯಂತೆ ನೆಲದಡಿಯಲ್ಲೇ ಹಬ್ಬುವ ಕಾಂಡಗಳಾಗಿ, ಬೇರುಗಳಾಗಿ ಮರಳಿನೊಳಗಿರುತ್ತದೆ. ಬೇರೆ ಬೇರೆ ಗಿಡಗಳೆಂದು ತೋರುವ ಒಂದು ಹರವು ಪೊದೆಗಳೆಲ್ಲ ಹಲವೆಡೆ ಒಂದೇ ಗಿಡದ ಚಿಗುರುಗಳಾಗಿರುತ್ತವೆ.

ಮರಳು ಮಳೆನೀರನ್ನು ಬೇಗ ಒಳಗೆ ಬಿಟ್ಟುಕೊಳ್ಳುತ್ತದೆ, ಮೇಲ್ಪದರ ಒಣಗಿದ ಮೇಲೆ ಕೆಳಗಿನ ತೇವವನ್ನು ಸುಲಭವಾಗಿ ಆರಗೊಡುವುದಿಲ್ಲ. ಆದ್ದರಿಂದ ಮಳೆ ಕಡಿಮೆಯಿರುವ ಆ ಸೀಮೆಯಲ್ಲಿ ಆಳಕ್ಕೆ ಬೇರಿಳಿಸಬಲ್ಲ ಗಿಡಕ್ಕೆ ಜೇಡಿಮಣ್ಣಿಗಿಂತ ಮರಳೇ ಅನುಕೂಲ. ಬೆಂಕಿಯೋ ಬರವೋ ಮೇಲಿನ ಕೊಂಬೆಗಳನ್ನು ಕೊಂದರೂ ನೆಲದಡಿಯ ಮೊಗ್ಗುಗಳಿಂದ ಇದು ಮತ್ತೆ ಚಿಗುರುತ್ತದೆ. ಬೀಜದಿಂದ ಹೊಸ ಸಸಿ ನೆಲೆಗೊಳ್ಳುವುದು ಮಾತ್ರ ಅಪರೂಪ. ಹಾಗಾಗಿ ಬೇರುಸಹಿತ ಅಳಿದ ಕಡೆ ಇದು ತಾನಾಗಿ ಮರಳಿ ಬರುತ್ತದೆಂದು ಎಣಿಸಲಾಗದು.

ದನಗಾಹಿಗಳ ಆತಂಕಕ್ಕೆ ಕಾರಣವಿದೆ. ವಸಂತದ ಮೊಗ್ಗು ಮತ್ತು ಎಳೆ ಎಲೆಗಳಲ್ಲಿ ಟ್ಯಾನಿನ್ ಎಂಬ ಒಗರು ವಸ್ತು ಹೆಚ್ಚಿರುವುದರಿಂದ ಅವನ್ನು ತಿಂದ ದನಗಳಿಗೆ ವಿಷವೇರುತ್ತದೆ. ಆ ಕೆಲವು ವಾರ ಮಂದೆಯನ್ನು ಬೇರೆಡೆ ಮೇಯಿಸುವುದು ಅಲ್ಲಿಯ ರೂಢಿ. ಹುಲ್ಲು ಹೆಚ್ಚಲೆಂದು ಟೆಬುಥಯುರಾನ್ ಎಂಬ ಕಳೆನಾಶಕವನ್ನು ಬಳಸಿದ್ದೂ ಉಂಟು. ಸಮತಟ್ಟಾದ ಹುಲ್ಲುಗಾವಲಿನ ಬಗ್ಗೆ ಚರ್ಚೆಗೆ ಅವಕಾಶವಿರಬಹುದು, ಆದರೆ ದಿಬ್ಬಗಳ ಮೇಲೆ ಇದನ್ನು ಕೊಲ್ಲುವುದು ತಪ್ಪೆಂದೇ ನನ್ನ ಅಭಿಪ್ರಾಯ, ಏಕೆಂದರೆ ಅಲ್ಲಿ ಮರಳನ್ನು ಹಿಡಿದಿಟ್ಟಿರುವುದೇ ಈ ಬೇರುಗಳು. ಓಕ್ ಪೊದೆಗಳ ನಡುವೆ ಗಾಳಿ ಕೊರೆದ ಮರಳುಗುಳಿಗಳಲ್ಲಷ್ಟೇ ಬದುಕುವ ಡ್ಯೂನ್ಸ್ ಸೇಜ್‌ಬ್ರಶ್ ಹಲ್ಲಿಯನ್ನು ಅಮೆರಿಕ ಸರ್ಕಾರ 2024ರ ಮೇ ತಿಂಗಳಲ್ಲಿ ಅಳಿವಿನಂಚಿನ ಪ್ರಾಣಿಯೆಂದು ಘೋಷಿಸಿತು. ತೈಲಬಾವಿಗಳು, ಅವುಗಳಿಗೆ ಹೋಗುವ ರಸ್ತೆಗಳು ಮತ್ತು ಮರಳು ಗಣಿಗಾರಿಕೆ ಆ ನೆಲೆಯನ್ನು ತುಂಡರಿಸುತ್ತಿವೆ. ಇರುವ ಓಕ್‌ಗಳನ್ನು ಉಳಿಸದೆ ಆ ಹಲ್ಲಿಯನ್ನು ಉಳಿಸಲಾಗದು.