ಕೆಲಸ ಮಾಡುವ ಕಂಪನಿಯಲ್ಲಿನ ಅಕ್ರಮದ ಬಗ್ಗೆ ಹೆಸರು ಹೇಳದೆ ದೂರು ಕೊಟ್ಟರೆ ಅದು ಯಾರದೆಂದು ಕಂಪನಿಗೆ ಗೊತ್ತಾಗುತ್ತದೆಯೇ?

ಗೊತ್ತಾಗಬಹುದು. ಗುಟ್ಟು ಬಿಟ್ಟುಕೊಡುವುದು ಹೆಚ್ಚಾಗಿ ದೂರು ಸಲ್ಲಿಸುವ ಆನ್‌ಲೈನ್ ಪೋರ್ಟಲ್ ಅಲ್ಲ, ದೂರಿನ ಒಕ್ಕಣೆ. ‘ಮಂಗಳವಾರದ ಮೀಟಿಂಗ್‌ನಲ್ಲಿ ಮ್ಯಾನೇಜರ್ ನನಗೆ ಹೇಳಿದರು’ ಎಂದು ಬರೆದರೆ, ಆ ಮೀಟಿಂಗ್‌ನಲ್ಲಿದ್ದವರು ಮೂರೇ ಜನ ಆಗಿದ್ದರೆ, ಹೆಸರು ಬರೆದಂತೆಯೇ ಆಯಿತು.

ಇನ್ನೊಂದು ಎಡವಟ್ಟು ಲಗತ್ತಿಸುವ ಫೈಲ್. ವರ್ಡ್, ಪಿಡಿಎಫ್ ಫೈಲ್‌ಗಳ ಪ್ರಾಪರ್ಟೀಸ್‌ನಲ್ಲಿ ಬರೆದವರ ಹೆಸರು ಉಳಿದಿರಬಹುದು. ಅದನ್ನು ಅಳಿಸಿ ಕಳಿಸಿ. ಆಫೀಸ್ ಲ್ಯಾಪ್‌ಟಾಪ್, ಆಫೀಸ್ ವೈಫೈ ಬೇಡ.

‘ಗೌಪ್ಯ’ ಮತ್ತು ‘ಅನಾಮಧೇಯ’ ಒಂದೇ ಅಲ್ಲ. ಗೌಪ್ಯವಾದರೆ ದೂರು ನೋಡುವ ಒಬ್ಬಿಬ್ಬರಿಗೆ ನೀವು ಯಾರೆಂದು ಗೊತ್ತು, ಅವರು ಹೊರಗೆ ಹೇಳುವಂತಿಲ್ಲ. ಅನಾಮಧೇಯವಾದರೆ ಅವರಿಗೂ ಗೊತ್ತಿಲ್ಲ. ದೂರುಗಳ ಬಗ್ಗೆ ಕಂಪನಿಯ ಪಾಲಿಸಿಯಲ್ಲಿ ಯಾವುದಿದೆ, ದೂರು ಮೊದಲು ಯಾರ ಕೈಗೆ ಹೋಗುತ್ತದೆ ಎಂದು ಓದಿಕೊಳ್ಳಿ. ಆರೋಪ ಇರುವುದು ಅವರ ಮೇಲೆಯೇ ಆದರೆ ಆಡಿಟ್ ಕಮಿಟಿಯಂಥ (ಕಂಪನಿಯ ಲೆಕ್ಕಪತ್ರದ ಮೇಲೆ ಕಣ್ಣಿಡುವ ನಿರ್ದೇಶಕರ ಸಮಿತಿ) ಬೇರೆ ದಾರಿ ಹಿಡಿಯಿರಿ.

ದೂರು ಸಲ್ಲಿಸಿದ ಮೇಲೆ ಕೇಸ್ ನಂಬರ್, ಪಾಸ್‌ವರ್ಡ್ ಸಿಗುತ್ತವೆ. ಬರೆದಿಟ್ಟುಕೊಂಡು ವಾರಕ್ಕೊಮ್ಮೆ ಲಾಗಿನ್ ಆಗಿ. ತನಿಖೆ ಮಾಡುವವರು ‘ಯಾವ ಇನ್‌ವಾಯ್ಸ್?’ ಎಂದು ಅಲ್ಲೇ ಕೇಳಿರುತ್ತಾರೆ. ಉತ್ತರ ಬಾರದಿದ್ದರೆ ಫೈಲ್ ಮುಚ್ಚುತ್ತಾರೆ. ಎಷ್ಟೋ ಅನಾಮಧೇಯ ದೂರುಗಳು ಸಾಯುವುದು ಹೀಗೆಯೇ. ಮೊದಲೇ ದಿನಾಂಕ, ಬಿಲ್ ನಂಬರ್, ಮೊತ್ತ ಕೊಟ್ಟುಬಿಡಿ. ‘ಅವರು ಕಳ್ಳರು’ ಎಂಬ ಒಂದು ಸಾಲಿನಿಂದ ಯಾರಿಗೂ ಏನೂ ಮಾಡಲಾಗದು.

ಎಷ್ಟು ದಿನ ಕಾಯಬೇಕು? ಅಕ್ರಮದ ಬಗ್ಗೆ ದೂರು ಕೊಡುವವರ ರಕ್ಷಣೆಗೆಂದು ಐರೋಪ್ಯ ಒಕ್ಕೂಟ ತಂದ 2019ರ ನಿರ್ದೇಶನದಲ್ಲಿ, ದೂರು ತಲುಪಿತೆಂಬ ಸ್ವೀಕೃತಿಗೆ 7 ದಿನ, ಕೈಗೊಂಡ ಕ್ರಮ ತಿಳಿಸಲು ಅಲ್ಲಿಂದ 3 ತಿಂಗಳು. ಬೇರೆಡೆ ನಿಯಮ ಬೇರೆ ಇರಬಹುದು, ಆದರೂ ಅಳತೆಗೋಲಾಗಿ ಅದು ಸಾಕು.