ಮೂರು ಸಲ ಓದಿದರೆ ಮೂರು ಫೈಲ್: ಚಿಪ್ಪಿಗೆ ಬರೆಯುವ ಮೊದಲು

ಪ್ರಶ್ನೆ: ಹಳೆಯ ಥಿಂಕ್‌ಪ್ಯಾಡ್ ಎಕ್ಸ್230 ಕೊಂಡಿದ್ದೇನೆ. ಬೇರೆ ವೈಫೈ ಕಾರ್ಡ್ ಹಾಕಿದರೆ ‘1802’ (ಈ ಕಾರ್ಡಿಗೆ ಅನುಮತಿಯಿಲ್ಲ) ಎಂಬ ಎರರ್ ತೋರಿಸಿ ನಿಂತುಬಿಡುತ್ತದೆ. ಯಂತ್ರವನ್ನು ಎಬ್ಬಿಸುವ ಮೂಲ ಬಯಾಸಿನ ಬದಲಿಗೆ ಮುಕ್ತ ತಂತ್ರಾಂಶವಾದ ಕೋರ್‌ಬೂಟ್ ಹಾಕೋಣವೆಂದು, ಬಯಾಸ್ ಇರುವ ಚಿಪ್ಪನ್ನು ಓದಿ ಬರೆಯುವ ಕಪ್ಪು ಬೋರ್ಡಿನ ಸಿಎಚ್341ಎ ಪ್ರೋಗ್ರಾಮರ್ ಮತ್ತು ಚಿಪ್ಪಿನ ಕಾಲು ಕಚ್ಚುವ ಕ್ಲಿಪ್ ತಂದೆ. ಒಂದೇ ಚಿಪ್ಪನ್ನು ಮೂರು ಸಲ ಓದಿದರೆ ಮೂರು ಬೇರೆ ಬೇರೆ ಫೈಲ್ ಬರುತ್ತಿವೆ. ಹೇಗೂ ಅಳಿಸಿ ಬರೆಯುವುದೇ ಅಲ್ಲವೇ, ಮುಂದುವರಿಯಲೇ?

ಉತ್ತರ: ಬೇಡ. ನೆಟ್ಟಗೆ ಓದಲಾಗದ ಕ್ಲಿಪ್ ನೆಟ್ಟಗೆ ಬರೆಯುವುದೂ ಇಲ್ಲ. ಮೇಲಾಗಿ ಮೂಲ ಪ್ರತಿ ಕೈಯಲ್ಲಿಲ್ಲದಿದ್ದರೆ ಹಿಂದಿರುಗುವ ದಾರಿಯೇ ಇರುವುದಿಲ್ಲ. ಆ ಲ್ಯಾಪ್‌ಟಾಪಿನ ಮ್ಯಾಕ್ ವಿಳಾಸ, ಮ್ಯಾನೇಜ್‌ಮೆಂಟ್ ಎಂಜಿನ್ನಿನ (ಇಂಟೆಲ್ ಒಳಗಿಟ್ಟಿರುವ ಸಣ್ಣ ನಿಯಂತ್ರಕದ) ಭಾಗ ಎಲ್ಲ ಆ ಚಿಪ್ಪಿನಲ್ಲೇ ಇವೆ.

ಅದಕ್ಕೂ ಮೊದಲು ಒಂದು ಮಾತು: ನಿಮ್ಮ ತಕರಾರು ವೈಫೈ ಕಾರ್ಡಿನದ್ದಷ್ಟೇ ಆಗಿದ್ದರೆ 1ವೈರೇನ್ ಎಂಬ ಸಾಧನ ಪೆನ್‌ಡ್ರೈವಿನಿಂದಲೇ ಆ ನಿರ್ಬಂಧ ತೆಗೆಯುತ್ತದೆ, ಸ್ಕ್ರೂ ಬಿಚ್ಚುವ ಕೆಲಸವಿಲ್ಲ. ಕೋರ್‌ಬೂಟೇ ಬೇಕೆಂದಿದ್ದರೆ ಮುಂದೆ ಓದಿ.

ಎಕ್ಸ್230ರಲ್ಲಿ ಚಿಪ್ ಒಂದಲ್ಲ, ಎರಡು. ಕೀಬೋರ್ಡ್ ತೆಗೆದು, ಅಂಗೈ ಊರುವ ಪ್ಲಾಸ್ಟಿಕ್ ಎತ್ತಿದರೆ ಎಂಟು ಕಾಲಿನ ಆ ಎರಡೂ ಕಾಣುತ್ತವೆ. ಸ್ಕ್ರೀನಿನ ಕಡೆಗಿರುವುದು 4 ಎಂಬಿ, ನಿಮ್ಮ ಕಡೆಗಿರುವುದು 8 ಎಂಬಿ. ಇವೆರಡೂ ಸೇರಿ 12 ಎಂಬಿಯ ಒಂದೇ ಜಾಗದಂತೆ ಕೆಲಸ ಮಾಡುತ್ತವೆ. ಮೊದಲ 8 ಎಂಬಿಯಲ್ಲಿ ಡಿಸ್ಕ್ರಿಪ್ಟರ್ (ಯಾವ ಭಾಗ ಎಲ್ಲಿದೆ ಎಂಬ ನಕ್ಷೆ), ಈಥರ್ನೆಟ್ ಮಾಹಿತಿ, ಮ್ಯಾನೇಜ್‌ಮೆಂಟ್ ಎಂಜಿನ್ ಇರುತ್ತವೆ. ಬಯಾಸ್ ಭಾಗ ಅದರ ಬಾಲದಲ್ಲಿ ಶುರುವಾಗಿ 4 ಎಂಬಿ ಚಿಪ್ಪಿನ ಕೊನೆಯವರೆಗೆ ಹರಡಿರುತ್ತದೆ.

ನಿಮ್ಮ ಓದು ಕೆಡುತ್ತಿರುವುದಕ್ಕೆ ಮುಖ್ಯ ಅನುಮಾನ ಕ್ಲಿಪ್ಪಿನ ಮೇಲೆಯೇ. ಅಗ್ಗದ ಕ್ಲಿಪ್ಪಿನ ಹಲ್ಲುಗಳು ನಾಲ್ಕೈದು ಸಲಕ್ಕೇ ಸಡಿಲವಾಗಿ ಚಿಪ್ಪಿನ ಕಾಲನ್ನು ಅರ್ಧಂಬರ್ಧ ಮುಟ್ಟುತ್ತವೆ. ಪೊಮೋನಾ 5250 ದುಬಾರಿಯಾದರೂ ಗಟ್ಟಿಯಾಗಿ ಕಚ್ಚುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬ್ರಷ್ಷಿನಿಂದ ಕಾಲುಗಳನ್ನು ಒರೆಸಿ, ಒಣಗಿದ ಮೇಲೆ ಕ್ಲಿಪ್ಪನ್ನು ನೇರವಾಗಿ ಮೇಲಿನಿಂದ ಒತ್ತಿ ಕೂರಿಸಿ. ಚಿಪ್ಪಿನ ಮೂಲೆಯ ಚುಕ್ಕಿಯೇ ಒಂದನೇ ಕಾಲು. ಮೊಬೈಲ್ ಟಾರ್ಚನ್ನು ಓರೆಯಾಗಿ ಹಿಡಿದರೆ ಕಾಣುತ್ತದೆ. ಕ್ಲಿಪ್ ವೈರಿನ ಕೆಂಪು ಎಳೆ ಆ ಕಡೆಗಿರಬೇಕು. ತಿರುಗಾಮುರುಗಾ ಹಾಕಿದರೆ ನೆಲಕ್ಕೆ (ಗ್ರೌಂಡ್) ಹೋಗಬೇಕಾದ ಕಾಲಿಗೆ 3.3 ವೋಲ್ಟ್ ಹೋಗಿ ಚಿಪ್ ಬಿಸಿಯಾಗುತ್ತದೆ.

ಎರಡನೆಯದು ನಿಮ್ಮ ಬೋರ್ಡು. ಈ ಕಪ್ಪು ಸಿಎಚ್341ಎಯ ಹಳೆಯ ತಪ್ಪೊಂದಿದೆ: ಚಿಪ್ಪಿಗೆ ಕೊಡುವ ವಿದ್ಯುತ್ತು 3.3 ವೋಲ್ಟೇ, ಆದರೆ ಡೇಟಾ ಎಳೆಗಳು 5 ವೋಲ್ಟಿನವರೆಗೆ ಏರುತ್ತವೆ. ಏನೂ ಆಗಲಿಲ್ಲ ಎನ್ನುವವರು ಬಹಳ ಮಂದಿ. ಆದರೆ ಕ್ಲಿಪ್ಪಿನ ಮೂಲಕ ಮದರ್‌ಬೋರ್ಡಿಗೂ ಅದೇ ವೋಲ್ಟೇಜ್ ಹರಿಯುವುದರಿಂದ ಪಣಕ್ಕಿರುವುದು ಚಿಪ್ ಮಾತ್ರ ಅಲ್ಲ. ಮಲ್ಟಿಮೀಟರಿನಲ್ಲಿ ಡೇಟಾ ಕಾಲುಗಳನ್ನು ಅಳೆದು ನೋಡಿ. 5 ತೋರಿಸಿದರೆ ಬೋರ್ಡಿನ ಮೇಲಿನ ಸಿಎಚ್341ಎ ಐಸಿಯ 28ನೇ ಕಾಲನ್ನು ಎತ್ತಿ, ಅದಕ್ಕೂ 9ನೇ ಕಾಲಿಗೂ ರೆಗ್ಯುಲೇಟರಿನ 3.3 ವೋಲ್ಟ್ ಎಳೆಯಬೇಕು. ಬೆಸುಗೆ ಬಾರದಿದ್ದರೆ ಮನೆಯಲ್ಲಿರುವ ರಾಸ್ಪ್‌ಬೆರಿ ಪೈ ಬಳಸಿ, ಅದರ ಎಳೆಗಳು ಹುಟ್ಟಿನಿಂದಲೇ 3.3 ವೋಲ್ಟ್. ಪೈಯ 17ನೇ ಪಿನ್ ವಿದ್ಯುತ್ತಿಗೆ, 19 ಮೋಸಿಗೆ (ಚಿಪ್ಪಿಗೆ ಹೋಗುವ ಡೇಟಾ), 21 ಮೀಸೋಗೆ (ಚಿಪ್ಪಿನಿಂದ ಬರುವ ಡೇಟಾ), 23 ಕ್ಲಾಕಿಗೆ, 24 ಚಿಪ್ ಸೆಲೆಕ್ಟಿಗೆ, 25 ನೆಲಕ್ಕೆ. ಚಿಪ್ಪಿನ ಕಡೆ ಇವೇ ಕ್ರಮವಾಗಿ 8, 5, 2, 6, 1, 4ನೇ ಕಾಲುಗಳು. ವೈರು 20 ಸೆಂಟಿಮೀಟರ್ ಮೀರದಿರಲಿ. ಚಿಪ್ ಓದಿ ಬರೆಯುವ ತಂತ್ರಾಂಶವಾದ ಫ್ಲ್ಯಾಶ್‌ರಾಮ್‌ನಲ್ಲಿ ವೇಗವನ್ನು 512 ಕಿಲೋಹರ್ಟ್ಸಿಗೆ ಇಳಿಸಿ. ಸಿಎಚ್341ಎಯಲ್ಲಿ ಈ ವೇಗ ಇಳಿಸುವ ಸೌಲಭ್ಯವಿಲ್ಲ; ವೈರು ಉದ್ದವಾದರೆ ಅದು ತೊದಲುವುದಕ್ಕೆ ಇದೂ ಒಂದು ಕಾರಣ.

ಚಾರ್ಜರ್, ದೊಡ್ಡ ಬ್ಯಾಟರಿ, ನಾಣ್ಯದಂಥ ಸಿಮಾಸ್ ಬ್ಯಾಟರಿ ಮೂರನ್ನೂ ಕಳಚಿಯೇ ಕ್ಲಿಪ್ ಹಾಕಬೇಕು. ಇನ್ನು ಪ್ರತಿ ಚಿಪ್ಪನ್ನು ಮೂರು ಸಲ ಓದಿ. ನಡುವೆ ಒಮ್ಮೆ ಕ್ಲಿಪ್ ತೆಗೆದು ಮತ್ತೆ ಹಾಕಿ. ಮೂರರ ಶಾ256 ಮೊತ್ತವೂ (ಫೈಲಿನ ಬೆರಳಚ್ಚಿನಂಥ ಸಂಖ್ಯೆ) ಒಂದೇ ಬರಬೇಕು. ಒಂದೇ ಬಂದರೂ ನಂಬಬೇಡಿ, ಪೂರ್ತಿ ಎಫ್‌ಎಫ್ (ಖಾಲಿ ಬೈಟು) ತುಂಬಿದ ಫೈಲ್ ಕೂಡ ಮೂರು ಸಲ ಒಂದೇ ಆಗಿರುತ್ತದೆ! ಬೈಟುಗಳನ್ನು ತೋರಿಸುವ ಹೆಕ್ಸ್ ಎಡಿಟರಿನಲ್ಲಿ ತೆರೆಯಿರಿ: 8 ಎಂಬಿ ಫೈಲಿನ 16ನೇ ಬೈಟಿನಿಂದ (ಎಣಿಕೆ ಸೊನ್ನೆಯಿಂದ) ‘5ಎ ಎ5 ಎಫ್0 0ಎಫ್’ ಕಂಡರೆ ಡಿಸ್ಕ್ರಿಪ್ಟರ್ ಸರಿಯಾಗಿ ಓದಿದೆ. 4 ಎಂಬಿ ಫೈಲಿನ ಕಟ್ಟಕಡೆಯ 16 ಬೈಟುಗಳು ಬರೀ ಎಫ್‌ಎಫ್ ಆಗಿರಕೂಡದು; ಪ್ರೊಸೆಸರ್ ಎದ್ದ ಕೂಡಲೇ ಮೊದಲು ನೋಡುವುದು ಅಲ್ಲಿಗೇ. ಈ ಎರಡು ಪ್ರತಿಗಳನ್ನು ಬೇರೆ ಯಂತ್ರದಲ್ಲಿ ಕಾಪಿಡಿ.

ಮೊದಲ ಸಲಕ್ಕೆ ನಮ್ಮ ಸಲಹೆ 4 ಎಂಬಿ ಚಿಪ್ಪನ್ನು ಮಾತ್ರ ಬದಲಿಸುವುದು. ಕೋರ್‌ಬೂಟ್ ಸಂರಚನೆಯಲ್ಲಿ ಸಿಬಿಎಫ್‌ಎಸ್ (ಕೋರ್‌ಬೂಟಿನ ಫೈಲುಗಳಿರುವ ಜಾಗ) ಗಾತ್ರವನ್ನು 4 ಎಂಬಿ ಇಟ್ಟರೆ ಎಲ್ಲವೂ ಅದರಲ್ಲೇ ಹಿಡಿಯುತ್ತದೆ. ತಯಾರಾಗುವ 12 ಎಂಬಿ ಫೈಲಿನ ಕೊನೆಯ 4 ಎಂಬಿಯನ್ನು ಕತ್ತರಿಸಿ ಬರೆಯಿರಿ. 8 ಎಂಬಿಯನ್ನು ಮುಟ್ಟದಿದ್ದರೆ ಅಪಾಯ ಅರ್ಧಕ್ಕಿಳಿಯುತ್ತದೆ. ಮುಂದೆ ಕ್ಲಿಪ್ ಇಲ್ಲದೆ ಒಳಗಿನಿಂದಲೇ ಅಪ್‌ಡೇಟ್ ಮಾಡುವ ಆಸೆಯಿದ್ದರೆ ಐಎಫ್‌ಡಿಟೂಲ್ ಎಂಬ ಕೋರ್‌ಬೂಟ್ ಸಾಧನದಿಂದ ಡಿಸ್ಕ್ರಿಪ್ಟರಿನ ಬೀಗ ತೆಗೆದು, ಆಗ ಮಾತ್ರ 8 ಎಂಬಿ ಚಿಪ್ಪಿಗೂ ಈಗಲೇ ಬರೆದುಬಿಡಿ.

ಬೇರೆ ಕಂಪನಿಯ ಬ್ಯಾಟರಿ ಬಳಸುವವರಾದರೆ ಎಂಬೆಡೆಡ್ ಕಂಟ್ರೋಲರಿನ (ಬ್ಯಾಟರಿ, ಕೀಬೋರ್ಡ್ ನೋಡಿಕೊಳ್ಳುವ ಪ್ರತ್ಯೇಕ ಚಿಪ್ಪಿನ) ತಿದ್ದುಪಡಿಯನ್ನು ಈಗಲೇ, ಮೂಲ ಬಯಾಸ್ ಇರುವಾಗಲೇ ಮುಗಿಸಿ. ಅದು ಈ ಚಿಪ್ಪುಗಳಲ್ಲಿಲ್ಲ, ಅದನ್ನು ಬದಲಿಸುವ ದಾರಿ ಮೂಲ ಬಯಾಸಿನ ಮೂಲಕ. ವಿಂಡೋಸ್ ಯುಇಎಫ್‌ಐ ವಿಧಾನದಲ್ಲಿದ್ದರೆ ಸೀಬಯಾಸ್ ಎಂಬ ಪೇಲೋಡ್ (ಕೋರ್‌ಬೂಟ್ ತನ್ನ ಕೆಲಸ ಮುಗಿಸಿ ಓಡಿಸುವ ತಂತ್ರಾಂಶ) ಅದನ್ನು ಎಬ್ಬಿಸಲಾರದು, ಇಡಿಕೆ2 ಪೇಲೋಡ್ ಬೇಕು. ಬಿಟ್‌ಲಾಕರ್ ಇದ್ದರೆ ರಿಕವರಿ ಕೀ ಬರೆದಿಟ್ಟುಕೊಳ್ಳಿ.

ಪ್ರಶ್ನೆ: ಬರೆದಾಗ ‘ವೆರಿಫೈಡ್’ ಎಂದೇ ಬಂತು. ಆನ್ ಮಾಡಿದರೆ ಫ್ಯಾನ್ ತಿರುಗುತ್ತದೆ, ಸ್ಕ್ರೀನ್ ಕಪ್ಪು. ಚಿಪ್ ಸತ್ತಿತೇ?

ಉತ್ತರ: ವೆರಿಫೈ ಆದ ಚಿಪ್ ಸತ್ತಿರುವುದಿಲ್ಲ. ಮೊದಲ ಸಲ ರ‍್ಯಾಮಿನ ಹೊಂದಾಣಿಕೆಗೆ ಹೊತ್ತು ಹಿಡಿಯುತ್ತದೆ. ಎರಡು ನಿಮಿಷ ಸುಮ್ಮನಿರಿ. ಆಮೇಲೂ ಕಪ್ಪಾಗಿದ್ದರೆ ಒಂದೇ ರ‍್ಯಾಮ್ ಪಟ್ಟಿ ಇಟ್ಟು ನೋಡಿ. ಅದಕ್ಕೂ ಬಗ್ಗದಿದ್ದರೆ ನೀವು ಕತ್ತರಿಸಿದ್ದು ಫೈಲಿನ ಮೊದಲ 4 ಎಂಬಿಯೇ, ಕೊನೆಯದೇ ಎಂದು ಪರಿಶೀಲಿಸಿ. ಬಹುಮಂದಿ ಎಡವುವುದು ಇಲ್ಲೇ. ವೆರಿಫೈ ಎಂದರೆ ಕೊಟ್ಟಿದ್ದನ್ನೇ ಬರೆದಿದೆ ಎಂದಷ್ಟೇ ಅರ್ಥ, ಕೊಟ್ಟಿದ್ದು ಸರಿ ಎಂದಲ್ಲ. ಕೋರ್‌ಬೂಟಿನಲ್ಲಿ ಗ್ರಾಫಿಕ್ಸ್ ಆರಂಭಿಸುವ ಆಯ್ಕೆ ಬಿಟ್ಟುಹೋಗಿದ್ದರೂ ಸ್ಕ್ರೀನ್ ಹೀಗೇ ಇರುತ್ತದೆ, ಒಳಗೆ ಯಂತ್ರ ನಡೆಯುತ್ತಲೇ ಇರುತ್ತದೆ. ಯಾವುದೂ ಆಗದಿದ್ದರೆ ಕಾಪಿಟ್ಟ 4 ಎಂಬಿ ಪ್ರತಿಯನ್ನೇ ವಾಪಸ್ ಬರೆಯಿರಿ.

ಸ್ಕ್ರೀನ್ ಬಂದು, ಸರಿಯಾಗಿ 30 ನಿಮಿಷಕ್ಕೆ ತಾನೇ ಆಫ್ ಆಗುತ್ತಿದ್ದರೆ 8 ಎಂಬಿ ಚಿಪ್ಪಿನ ಮ್ಯಾನೇಜ್‌ಮೆಂಟ್ ಎಂಜಿನ್ ಕೆಟ್ಟಿದೆ ಅಥವಾ ಪೂರ್ತಿ ಅಳಿಸಿಹೋಗಿದೆ. ಆಗ ವಾಪಸ್ ಬರೆಯಬೇಕಾದ್ದು ಆ ಚಿಪ್ಪಿನ ಪ್ರತಿ.