‘ವಿಸ್ಕಿ ಗಲೋರ್!’ ತೋರಿಸುವವರಿಗೆ: ಜೂಮ್ ಬೇಡ, ಕತ್ತರಿಯೂ ಬೇಡ

1949ರ ಬ್ರಿಟಿಷ್ ಹಾಸ್ಯಚಿತ್ರ ‘ವಿಸ್ಕಿ ಗಲೋರ್!’ ಅನ್ನು ಜೂಮ್ ಹಾಕಿ ಪರದೆಯ ತುಂಬ ತೋರಿಸಿದರೂ ಯಾರೂ ನಗಲಿಲ್ಲವೆಂದೂ, ಮುಂದಿನ ಸಲ ಮೊದಲ ಅರ್ಧ ಗಂಟೆಯನ್ನು ಬಿಟ್ಟು ತೋರಿಸುವುದಾಗಿಯೂ ಬರೆದಿದ್ದೀರಿ. ದಯವಿಟ್ಟು ಹಾಗೆ ಮಾಡಬೇಡಿ. ನಮ್ಮ ಬಳಗದ ಪ್ರದರ್ಶನವೊಂದು ಇದೇ ಜೂಮ್‌ನಿಂದ ಕೆಟ್ಟಿತ್ತು.

ಈ ಚಿತ್ರದ ಚೌಕಟ್ಟು 1.37:1, ಅಂದರೆ ಅಗಲ ಎತ್ತರದ 1.37 ಪಟ್ಟು. ಅದನ್ನು 16:9 ಪರದೆಯ ಅಗಲಕ್ಕೆ ಹಿಗ್ಗಿಸಿದರೆ ಎತ್ತರದಲ್ಲಿ ಹೆಚ್ಚುಕಡಿಮೆ ಕಾಲು ಭಾಗ ಕತ್ತರಿಸಿ ಹೋಗುತ್ತದೆ. ಸುಂಕದ ಅಧಿಕಾರಿಗಳು ಬರುತ್ತಾರೆಂಬ ಸುದ್ದಿ ತಿಳಿದೊಡನೆ ಊರಿಗೆ ಊರೇ ಒಡೆದ ಹಡಗಿನಿಂದ ತಂದ ವಿಸ್ಕಿ ಬಾಟಲಿಗಳನ್ನು ಬಚ್ಚಿಡಲು ನಿಲ್ಲುವ ದೃಶ್ಯವನ್ನು ನೆನಪಿಸಿಕೊಳ್ಳಿ: ತೊಟ್ಟಿಲಲ್ಲಿ ಮಲಗಿದ ಮಗುವಿನ ಕೆಳಗೆ, ಪೈ ತಿಂಡಿಯ ಹಿಟ್ಟಿನ ಹೊದಿಕೆಯೊಳಗೆ, ಬಿಸಿನೀರಿನ ಚೀಲದಲ್ಲಿ. ಪ್ರತಿಯೊಂದೂ ಕ್ಷಣಮಾತ್ರ ಕಾಣಿಸುತ್ತದೆ. ಅಂಚು ಕತ್ತರಿಸಿದರೆ ನಗೆಯೂ ಅದರೊಂದಿಗೆ ಹೋಗುತ್ತದೆ. ಪ್ರೊಜೆಕ್ಟರನ್ನು ಆ ಚೌಕಟ್ಟಿಗೆ ಹತ್ತಿರವಾದ 4:3ಕ್ಕೆ ಇಟ್ಟು, ಎಡಬಲದಲ್ಲಿ ಉಳಿಯುವ ಖಾಲಿ ಜಾಗಕ್ಕೆ ಕಪ್ಪು ಬಟ್ಟೆ ಇಳಿಬಿಡಿ. ಟಿವಿಯಲ್ಲಿ ತೋರಿಸುವುದಾದರೆ ಚಲನೆಯನ್ನು ಕೃತಕವಾಗಿ ನುಣುಪಾಗಿಸುವ ‘ಮೋಷನ್ ಸ್ಮೂತಿಂಗ್’ ಅನ್ನು ಮರೆಯದೆ ಆರಿಸಿ; ಯಾವ ಕಂಪನಿಯ ಟಿವಿಯಾದರೂ ಸರಿ, ಅದು ಹಳೆಯ ಚಿತ್ರವನ್ನು ಧಾರಾವಾಹಿಯಂತೆ ಮಾಡಿಬಿಡುತ್ತದೆ.

ಇನ್ನು ಕತ್ತರಿಯ ಮಾತು. ಚಿತ್ರ ಇರುವುದೇ 82 ನಿಮಿಷ. ಯುದ್ಧಕಾಲದ ದ್ವೀಪದಲ್ಲಿ ವಿಸ್ಕಿ ತೀರಿಹೋಗಿ ಜನ ಕಂಗೆಡುವುದನ್ನು ನೋಡದವರಿಗೆ ವಿಸ್ಕಿ ತುಂಬಿದ ಹಡಗು ಬಂಡೆಗೆ ಬಡಿದಾಗಿನ ಸಂಭ್ರಮ ಅರ್ಥವಾಗುವುದಾದರೂ ಹೇಗೆ? ದ್ವೀಪದವರದು ಸರಳವಾದ ಕೆಲವೇ ಸುಖಗಳೆಂದು ನಿರೂಪಕ ಗಂಭೀರವಾಗಿ ಹೇಳುತ್ತಿರುವಾಗಲೇ ಪುಟ್ಟ ಮನೆಯೊಂದರಿಂದ ಮಕ್ಕಳ ಸಾಲು ಹೊರಗೆ ಓಡಿಬರುವುದೂ ನೀವು ಬಿಡಹೊರಟ ಭಾಗದಲ್ಲೇ ಇದೆ. ನಿರ್ದೇಶಕ ಅಲೆಕ್ಸಾಂಡರ್ ಮೆಕೆಂಡ್ರಿಕ್ ಅವರ ಮೊದಲ ಕಥಾಚಿತ್ರವಿದು. 1948ರ ಬೇಸಿಗೆಯಲ್ಲಿ ಸ್ಕಾಟ್ಲೆಂಡಿನ ಬಾರಾ ದ್ವೀಪಕ್ಕೇ ಹೋಗಿ, ಚರ್ಚಿನ ಸಭಾಂಗಣವೊಂದನ್ನು ಸ್ಟುಡಿಯೊ ಮಾಡಿಕೊಂಡು, ದ್ವೀಪದ ಜನರನ್ನೂ ಸೇರಿಸಿಕೊಂಡು ತೆಗೆದದ್ದು. ಆ ಮುಖಗಳ ಪರಿಚಯವಾಗಲು ಸ್ವಲ್ಪ ಹೊತ್ತು ಬೇಕು, ಆ ಹೊತ್ತನ್ನು ಕೊಡಿ.

ಧ್ವನಿಯ ಬಗ್ಗೆಯೂ ಒಂದು ಮಾತು. ಇದು ಮೋನೊ, ಅಂದರೆ ಒಂದೇ ಧ್ವನಿವಾಹಿನಿಯ ಚಿತ್ರವಾದ್ದರಿಂದ ಸರೌಂಡ್ ಪರಿಣಾಮಗಳನ್ನೆಲ್ಲ ಆರಿಸಿ, ಪರದೆಯ ಕೆಳಗೆ ನಡುವೆ ಇಟ್ಟ ಒಂದೇ ಸ್ಪೀಕರಿನಲ್ಲಿ ಕೇಳಿಸಿ. ದೋಣಿಗಳು ಹೊರಡುವ ಹೊತ್ತಿಗೆ ಗಡಿಯಾರ ಹನ್ನೆರಡು ಬಾರಿಸಿ ಭಾನುವಾರವಾಗುತ್ತದೆ, ದೇವರ ದಿನವೆಂದು ಕೆಲಸ ಮುಟ್ಟದ ಜನ ಕಣ್ಣೆದುರಿನ ಹಡಗನ್ನು ಇಡೀ ದಿನ ನೋಡುತ್ತ ಕೂರುತ್ತಾರೆ. ಆ ಗಂಟೆ ಸ್ಪಷ್ಟವಾಗಿ ಕೇಳಲೇಬೇಕು. ಉಚ್ಚಾರಣೆ ನಮಗೆ ಹೊಸದಾದ್ದರಿಂದ ಸಬ್‌ಟೈಟಲ್ ಕಡ್ಡಾಯ.

ಪ್ರದರ್ಶನಕ್ಕೆ ಮುನ್ನ ಎರಡೇ ಮಾತು ಹೇಳಿ: 1941ರಲ್ಲಿ ‘ಪೊಲಿಟಿಷಿಯನ್’ ಎಂಬ ಹಡಗು ಎರಿಸ್ಕೇ ದ್ವೀಪದ ಬಳಿ ನಿಜವಾಗಿಯೂ ವಿಸ್ಕಿಯೊಂದಿಗೆ ನೆಲಕಚ್ಚಿತ್ತು, ಅದರಿಂದಲೇ ಕಾಂಪ್ಟನ್ ಮೆಕೆಂಜಿ ಈ ಚಿತ್ರಕ್ಕೆ ಮೂಲವಾದ ಕಾದಂಬರಿ ಬರೆದರು. ದ್ವೀಪದ ಹೋಮ್ ಗಾರ್ಡ್ ದಳದ ಮುಖ್ಯಸ್ಥ, ಕಾನೂನು ಬಿಡದ ಕ್ಯಾಪ್ಟನ್ ವ್ಯಾಗೆಟ್‌ನ ಪಾಡನ್ನು ಮಾತ್ರ ಮೊದಲೇ ಹೇಳಿಬಿಡಬೇಡಿ. ಬೇಸಿಲ್ ರಾಡ್‌ಫರ್ಡ್ ಅವರ ಅಭಿನಯವೇ ಅದನ್ನು ತೋರಿಸಲಿ. ಚಿತ್ರದ ಪ್ರತಿ ಹುಡುಕುವಾಗ ವರ್ಷ ನೋಡಿಕೊಳ್ಳಿ, ಏಕೆಂದರೆ ಇದೇ ಹೆಸರಿನಲ್ಲಿ 2016ರ ಬಣ್ಣದ ಮರುನಿರ್ಮಾಣವೂ ಇದೆ.